ನೂಲಮ್ಮನ ಕರಗುವ ಎಳೆ

ಟವೆಲ್ ಗಿರಣಿಯಲ್ಲಿ ಇಪ್ಪತ್ತಾರು ವರ್ಷ ದುಡಿದ ಆ ಹೆಂಗಸಿಗೆ ಕಿವಿಯೇ ಅರ್ಧ ಕಣ್ಣು. ನಾನೂರು ಕದಿರುಗಳು ಒಟ್ಟಿಗೆ ಗಿರ್ರೆನ್ನುವಾಗ ಒಂದೇ ಒಂದು ಕದಿರು ಕೊಂಚ ಬೇರೆ ಸದ್ದು ಮಾಡಿದರೂ ಸಾಕು, ನಡೆಯುತ್ತಿದ್ದವಳು ಗಕ್ಕನೆ ನಿಂತು, ನೇರ ಅದರ ಮುಂದೆ ಹೋಗಿ ಬೆರಳಿಡುತ್ತಿದ್ದಳು. ಕಡಿದ ಎಳೆಯನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಹೊಸೆದು ಕೂಡಿಸುತ್ತಿದ್ದಳು. ನೂಲುವ ವಿಭಾಗ, ನೇಯುವ ವಿಭಾಗ, ತೊಳೆದು ಒಣಗಿಸುವ ವಿಭಾಗ, ಎಲ್ಲ ಕಡೆ ಆಕೆ ಕೆಲಸ ಮಾಡಿದ್ದಳು. ಐವತ್ತೆರಡನೇ ವಯಸ್ಸಿಗೆ ಗಿರಣಿ ಮುಚ್ಚಿತು. ಒಂದು ಸೋಮವಾರ ಹೋದರೆ ಗೇಟಿಗೆ ಬೀಗ, ಅಷ್ಟೇ.

ಮನೆಯಲ್ಲಿ ಗಂಡ ಇದ್ದ. ಕಟ್ಟಡಗಳಿಗೆ ಬಣ್ಣ ಬಳಿಯುವ ಕೆಲಸದವನು. ಎರಡು ವರ್ಷದ ಹಿಂದೆ ಏಣಿಯಿಂದ ಜಾರಿ, ಬಲಭುಜದೊಳಗೆ ಏನೋ ಹರಿದುಹೋಗಿ, ಕೈಯನ್ನು ಭುಜದ ಮಟ್ಟಕ್ಕಿಂತ ಮೇಲೆ ಎತ್ತಲಾಗದೆ ಕಿಟಕಿಯ ಕೆಳಗಿನರ್ಧ ಮಾತ್ರ ಬಣ್ಣ ಬಳಿಯುತ್ತಿದ್ದ. ಮೇಲಿನರ್ಧಕ್ಕೆ ಜೊತೆಗಾರ ಬೇಕು. ಗಿರಣಿ ಮುಚ್ಚಿದ ಮೂರನೇ ವಾರ ಆತನೇ ಸುದ್ದಿ ತಂದ.

"ಲೇ, ಆಸ್ಪತ್ರೆ ಹಿಂದೆ ಸಂಶೋಧನೆ ಮಾಡೋ ಕಟ್ಟಡ ಇದೆಯಲ್ಲ, ಅಲ್ಲಿ ಕಾರಿಡಾರಿಗೆ ಬಣ್ಣ ಹೊಡೀತಿದ್ದೆ. ಅವರ ಹತ್ರ ನೂಲು ತೆಗೆಯೋ ಯಂತ್ರ ಇದೆಯಂತೆ. ನೋಡ್ಕೊಳ್ಳೋಕೆ ಯಾರೂ ಸಿಕ್ತಿಲ್ಲ ಅಂತ ಅಲ್ಲಿನ ಮೇಡಂ ಯಾರಿಗೋ ಹೇಳ್ತಿದ್ರು."

"ಆಸ್ಪತ್ರೆಗೆ ನೂಲು ಯಾತಕ್ಕ್ರೀ? ಹೊಲಿಗೆ ಹಾಕೋಕಾ?"

"ನನ್ನ ಕೇಳಿದ್ರೆ? ನೀನೇ ಹೋಗಿ ಕೇಳು."

ಮರುದಿನ ಬೆಳಿಗ್ಗೆಯೇ ಹೋದಳು. ದೊಡ್ಡ ಹಜಾರ, ಸಾಲು ಸಾಲು ಯಂತ್ರ, ಹಾರಾಡುವ ಹತ್ತಿ, ಇಷ್ಟನ್ನು ಮನಸ್ಸಿನಲ್ಲಿ ತುಂಬಿಕೊಂಡು ಹೋದವಳಿಗೆ ಸಿಕ್ಕಿದ್ದು ಒಂದು ಗಾಜಿನ ಕಪಾಟು. ಒಳಗೆ ಒಂದು ಸಿರಿಂಜು, ಅದರ ಸೂಜಿಗೆ ಸಿಕ್ಕಿಸಿದ ತಂತಿ, ಒಂದು ಗೇಣು ದೂರದಲ್ಲಿ ತಿರುಗುವ ಲೋಹದ ಉರುಳೆ. ಮೇಡಂ ಅಂದರೆ ಪ್ರಯೋಗಾಲಯದ ಮುಖ್ಯಸ್ಥೆ. ತಲೆಗೂದಲು ಪೂರ್ತಿ ಬೆಳ್ಳಗಾದ, ಮಾತು ಮಾತ್ರ ಪಟಾಕಿಯಂಥ ಹೆಂಗಸು.

"ನಿಮಗೆ ಏನು ಗೊತ್ತು?" ಎಂದು ಕೇಳಿದರು ಮೇಡಂ.

"ನೂಲು ಗೊತ್ತು."

"ಸರಿ, ನೋಡಿ." ಮೇಡಂ ಗುಂಡಿ ಒತ್ತಿದರು. ಸೂಜಿಯ ತುದಿಯಲ್ಲಿ ಒಂದು ಹನಿ ಮೂಡಿತು, ಚೂಪಾಯಿತು, ಮತ್ತೆ ಏನೂ ಕಾಣಲಿಲ್ಲ.

"ನೂಲೆಲ್ಲಿ?"

"ಹೋಗ್ತಾ ಇದೆ. ವಿದ್ಯುತ್ತಿನ ಸೆಳೆತಕ್ಕೆ ಹನಿ ಎಳೆಯಾಗಿ ಹಾರಿ ಉರುಳೆ ಮೇಲೆ ಸುತ್ತಿಕೊಳ್ತಾ ಇದೆ. ನಿಮ್ಮ ಕೂದಲನ್ನ ಉದ್ದಕ್ಕೆ ನೂರು ಸೀಳು ಮಾಡಿದ್ರೆ ಒಂದು ಸೀಳು ಎಷ್ಟಿರುತ್ತೋ ಅಷ್ಟು ಸಣ್ಣ."

ಆಕೆ ಕಪಾಟಿನ ಗಾಜಿಗೆ ಮೂಗು ತಾಗಿಸಿ ನೋಡಿದಳು. "ಕಣ್ಣಿಗೆ ಕಾಣದ ಎಳೆ ಕಡಿದ್ರೆ ನಿಮಗೆ ಹೇಗೆ ಗೊತ್ತಾಗುತ್ತೆ?"

ಮೇಡಂ ಗೊಳ್ಳನೆ ನಕ್ಕರು. "ಗೊತ್ತಾಗಲ್ಲಮ್ಮ! ಅದೇ ನಮ್ಮ ಗೋಳು. ನಾಳೆಯಿಂದ ಬನ್ನಿ."

ವಾರ ಕಳೆಯುವುದರೊಳಗೆ ಅಲ್ಲಿನವರ ಬಾಯಲ್ಲಿ ಆಕೆ ನೂಲಮ್ಮ ಆದಳು. ಹೆಸರು ಇಟ್ಟವಳು ದಪ್ಪ ಕನ್ನಡಕದ ಒಬ್ಬ ಸಂಶೋಧಕಿ. ನಾಲ್ಕು ವರ್ಷದಿಂದ ಇದೇ ಕೆಲಸದ ಮೇಲೆ ಪ್ರಬಂಧ ಬರೆಯುತ್ತಿದ್ದವಳು. ನೂಲಮ್ಮ ಅವಳನ್ನು ಕನ್ನಡಕ ಎಂದೇ ಕರೆದಳು, ಲೆಕ್ಕ ಸರಿಹೋಯಿತು.

ಈ ನೂಲು ಯಾತಕ್ಕೆ ಎಂದು ತಿಳಿಸಿಕೊಟ್ಟವಳೂ ಅವಳೇ. ಸ್ನಾಯುವನ್ನು ಮೂಳೆಗೆ ಬಿಗಿದು ಹಿಡಿದಿರುವ ಹಗ್ಗದಂಥ ಒಂದು ಅಂಗ ಇದೆ, ಸ್ನಾಯುರಜ್ಜು ಅಂತ. ಅದು ಹರಿದರೆ ತಾನಾಗಿ ಚೆನ್ನಾಗಿ ಕೂಡುವುದಿಲ್ಲ. ಕೂಡಿದರೂ ಗಂಟುಗಂಟಾಗಿ ಒರಟಾಗುತ್ತದೆ. ಅಲ್ಲಿ ಎಳೆಗಳ ಒಂದು ತೆಳು ಹಂದರ ಇಟ್ಟು, ಅದರ ಮೇಲೆ ಮೂಳೆಯ ಮಜ್ಜೆಯಿಂದ ತೆಗೆದ ಕಾಂಡಕೋಶಗಳನ್ನು ಬಿತ್ತಬೇಕು.

"ಕಾಂಡಕೋಶ ಅಂದ್ರೆ?"

"ಇನ್ನೂ ಏನಾಗಬೇಕು ಅಂತ ತೀರ್ಮಾನ ಮಾಡದ ಜೀವಕೋಶ, ನೂಲಮ್ಮ. ಮೂಳೆ ಆಗಬಹುದು, ಕೊಬ್ಬು ಆಗಬಹುದು, ರಜ್ಜು ಆಗಬಹುದು. ಕಾಲ ಕೆಳಗೆ ಎಂಥ ನೆಲ ಇದೆ ಅಂತ ಮುಟ್ಟಿ ನೋಡಿ ಅದರಂತೆ ಬೆಳೆಯುತ್ತೆ. ಬನ್ನಿ, ಇಲ್ಲಿ ಕಣ್ಣಿಡಿ."

ನೂಲಮ್ಮ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಮೊದಲ ತಟ್ಟೆಯಲ್ಲಿ ಎಳೆಗಳು ಅಡ್ಡಾದಿಡ್ಡಿ ಬಿದ್ದಿದ್ದವು. ಅವುಗಳ ಮೇಲೆ ಹಸಿರು ಬಣ್ಣ ಹಚ್ಚಿದ ಜೀವಕೋಶಗಳು ಸಂತೆಯಲ್ಲಿ ದಾರಿ ತಪ್ಪಿದವರ ಹಾಗೆ ದಿಕ್ಕಿಗೊಂದು ಕೈ ಚಾಚಿದ್ದವು. ಕನ್ನಡಕ ತಟ್ಟೆ ಬದಲಿಸಿದಳು. ಈಗ ಎಳೆಗಳು ಒಂದೇ ದಿಕ್ಕಿಗೆ, ಬಾಚಿದ ತಲೆಗೂದಲಿನ ಹಾಗೆ. ಅದೇ ಜೀವಕೋಶಗಳು ಮೈ ನೀಳ ಮಾಡಿ, ಎಳೆಗಳ ಉದ್ದಕ್ಕೂ ಒಂದರ ಹಿಂದೊಂದು ಮಲಗಿದ್ದವು.

ನೂಲಮ್ಮನಿಗೆ ಮೈ ಜುಮ್ಮೆಂದಿತು. ಕಣ್ಣು ತೆಗೆಯಲು ಮನಸ್ಸೇ ಬರಲಿಲ್ಲ. "ಯಾರು ಹೇಳಿದ್ರೇ ಇವಕ್ಕೆ, ಹೀಗೆ ಮಲಗಿ ಅಂತ?"

"ಎಳೆ ಹೇಳಿತು."

"ಎಳೆ ಹೇಳಿತಾ!" ಇಪ್ಪತ್ತಾರು ವರ್ಷ ನೂಲಿನ ಜೊತೆ ಬದುಕಿದವಳಿಗೆ ನೂಲು ಮಾತಾಡುತ್ತದೆ ಎಂದು ಯಾರಾದರೂ ವಿಜ್ಞಾನದ ಬಾಯಿಂದ ಹೇಳಿದ್ದು ಅದೇ ಮೊದಲು. ಅವತ್ತು ಮನೆಗೆ ಹೋದವಳು ಚಪ್ಪಲಿ ಕಳಚುವ ಮೊದಲೇ ಗಂಡನಿಗೆ ಕಥೆ ಶುರುಮಾಡಿದಳು. ಆತ ಎಲ್ಲ ಕೇಳಿ, ಎಡಗೈಯಿಂದ ಬಲಭುಜ ಸವರಿಕೊಳ್ಳುತ್ತಾ, "ಹಾಗಾದ್ರೆ ನನ್ನ ಭುಜಕ್ಕೂ ಒಂದು ತುಂಡು ತಂದುಬಿಡು" ಎಂದ.

"ಇನ್ನೂ ಕುರಿಗೂ ಹಾಕಿಲ್ಲಂತೆ ಕಣ್ರೀ. ಮನುಷ್ಯರ ಸರದಿ ಬರೋಕೆ ವರ್ಷಾನುಗಟ್ಟಲೆ ಬೇಕು. ಸುಮ್ಮನೆ ಆಸೆ ಹುಟ್ಟಿಸಲ್ಲ ನಾನು."

"ಕುರಿ ಆದ ಮೇಲೆ ನಾನು ಅನ್ನು. ಸರಿ, ಸಾಲಲ್ಲಿ ನಿಂತ್ಕೋತೀನಿ" ಎಂದು ನಕ್ಕ ಆತ.

ಯಂತ್ರ ಚಿಕ್ಕದಾದರೂ ಅದರ ಚೇಷ್ಟೆ ಚಿಕ್ಕದಲ್ಲ. ಒಂದು ದಿನ ನಯವಾದ ಹಾಳೆ ಕೊಟ್ಟರೆ ಮರುದಿನ ಎಳೆಯ ತುಂಬ ಗಂಟು. ಗಾಳಿಯಲ್ಲಿ ತೇವ ಹೆಚ್ಚಾದ ದಿನವೇ ಹೀಗಾಗುತ್ತದೆ ಎಂದು ನೂಲಮ್ಮ ನಾಲ್ಕೇ ದಿನದಲ್ಲಿ ಕಂಡುಹಿಡಿದಳು. ಗಿರಣಿಯಲ್ಲಿ ಹತ್ತಿಗೆ ತೇವ ಬೇಕಿತ್ತು, ಇಲ್ಲಿ ಒಣಗಾಳಿ ಬೇಕು. ತೇವ ಅಳೆಯುವ ಒಂದು ಮಾಪಕವನ್ನು ಕಪಾಟಿಗೆ ತೂಗುಹಾಕಿಸಿ, ಮುಳ್ಳು ಕೆಂಪು ಗೆರೆ ದಾಟಿದರೆ ಯಾರೂ ಗುಂಡಿ ಮುಟ್ಟಕೂಡದು ಎಂದು ಕಟ್ಟಪ್ಪಣೆ ಮಾಡಿದಳು. ಮೇಡಂ ಕೂಡ ಆ ಅಪ್ಪಣೆಗೆ ತಲೆಬಾಗಬೇಕಾಯಿತು.

ಎರಡನೇ ತಿಂಗಳು, ಒಂದು ಮಧ್ಯಾಹ್ನ ಕನ್ನಡಕ ಉರುಳೆ ಓಡಿಸುತ್ತಿದ್ದಾಗ ನೂಲಮ್ಮ ಇದ್ದಕ್ಕಿದ್ದಂತೆ ಕೈ ಎತ್ತಿದಳು. "ನಿಲ್ಸು. ಬೇರಿಂಗ್ ಸವೆದಿದೆ."

"ನನಗೇನೂ ಕೇಳಿಸ್ತಿಲ್ವಲ್ಲ?"

"ನಿನಗೆ ಕೇಳಿಸಿದ್ದಿದ್ರೆ ನನ್ನ ಯಾಕೆ ಕರೀತಿದ್ರು? ನಿಲ್ಸು ಅಂದ್ನಲ್ಲ."

ಬಿಚ್ಚಿ ನೋಡಿದರೆ ನಿಜ. ಬೇರಿಂಗಿನೊಳಗೆ ಒಂದು ಗುಂಡು ಚಪ್ಪಟೆಯಾಗಿತ್ತು, ಸುತ್ತು ಸುತ್ತಿಗೂ ಉರುಳೆ ಕೂದಲೆಳೆಯಷ್ಟು ನಡುಗುತ್ತಿತ್ತು. ಕೂದಲೆಳೆ ಅಂದರೆ ಆ ನೂಲಿನ ಲೆಕ್ಕದಲ್ಲಿ ಆನೆಯ ಗಾತ್ರ! ಎಳೆಗಳು ಓರೆಯಾಗುತ್ತಿದ್ದುದೂ, ಕನ್ನಡಕದ ಎಂಟು ತಿಂಗಳ ಫಲಿತಾಂಶ ಒಂದಕ್ಕೊಂದು ತಾಳೆಯಾಗದೆ ಇದ್ದುದೂ ಇದರಿಂದಲೇ. ಕನ್ನಡಕ ಆ ಸವೆದ ಬೇರಿಂಗನ್ನು ಅಂಗೈಯಲ್ಲಿಟ್ಟುಕೊಂಡು ಅಳಬೇಕೋ ನಗಬೇಕೋ ತಿಳಿಯದೆ ನಿಂತಳು. "ಎಂಟು ತಿಂಗಳು ನೂಲಮ್ಮ! ತಪ್ಪು ನನ್ನದು ಅಂದ್ಕೊಂಡಿದ್ದೆ."

ಹೊಸ ಬೇರಿಂಗ್ ಬಂತು. ಎಳೆಗಳು ನೆಟ್ಟಗಾದವು. ಕುರಿಗಳ ಮೇಲಿನ ಪ್ರಯೋಗಕ್ಕೆ ಅನುಮತಿ ಬಂತು, ಪಶುವೈದ್ಯರು ದಿನ ಕೂಡ ಗೊತ್ತುಮಾಡಿದರು. ಪ್ರಯೋಗಾಲಯದಲ್ಲಿ ಎಲ್ಲರ ಕಾಲೂ ನೆಲದಿಂದ ನಾಲ್ಕು ಬೆರಳು ಮೇಲೆ. ಆಗ ಬಂದು ಬಡಿಯಿತು ದೊಡ್ಡ ಪೆಟ್ಟು.

ಹಾಳೆಯ ಮೇಲೆ ಬಿತ್ತಿ ಮೂರು ವಾರ ಬೆಳೆಸಿದ ಜೀವಕೋಶಗಳನ್ನು, ಹಾಳೆಯ ಸಮೇತ ಬ್ರೆಡ್ ಕತ್ತರಿಸಿದ ಹಾಗೆ ಅಡ್ಡಲಾಗಿ ತೆಳುವಾಗಿ ಕತ್ತರಿಸಿ ನೋಡಿದರು. ಪ್ರತಿ ಜೀವಕೋಶದ ನಡುವಣ ಬೀಜಕ್ಕೆ ನೀಲಿ ಬಣ್ಣ ಹಾಕಿದ್ದರಿಂದ ಅವು ಚುಕ್ಕಿಗಳಂತೆ ಕಾಣಬೇಕು. ಮೇಲ್ಪದರದಲ್ಲಿ ನೀಲಿ ಚುಕ್ಕಿಗಳು ಒತ್ತಾಗಿದ್ದವು. ಕೆಳಗೆ ಕತ್ತಲು. ಒಂದೇ ಒಂದು ಚುಕ್ಕಿಯೂ ಒಳಗೆ ಇಳಿದಿರಲಿಲ್ಲ. ಇನ್ನೂ ಐದು ತುಂಡು ಕತ್ತರಿಸಿದರು. ಅದೇ ಹಾಡು.

"ಎಳೆ ನೆಟ್ಟಗಾದಷ್ಟೂ ಒತ್ತೊತ್ತಾಗಿ ಕೂತಿದೆ" ಎಂದರು ಮೇಡಂ, ಪಟಾಕಿ ಒದ್ದೆಯಾದ ದನಿಯಲ್ಲಿ. "ನಡುವೆ ಸಂದೇ ಇಲ್ಲ. ಜೀವಕೋಶ ಮೇಲೆ ಓಡಾಡುತ್ತೆ, ಒಳಗೆ ಹೋಗಲ್ಲ. ಇದನ್ನ ಕುರಿ ಕಾಲಿಗೆ ಇಟ್ರೆ ಒಳಗೆಲ್ಲ ಟೊಳ್ಳು."

"ಎಳೆ ದಪ್ಪ ಮಾಡೋಣ್ವಾ?" ಎಂದಳು ಕನ್ನಡಕ.

"ದಪ್ಪ ಮಾಡಿದ್ರೆ ಅದರ ಮಾತು ಜೀವಕೋಶಕ್ಕೆ ತಿಳಿಯಲ್ಲ."

ಇಬ್ಬರೂ ಕೈಚೆಲ್ಲಿ ಕುಳಿತರು. ನೂಲಮ್ಮ ಪರದೆಯ ಮೇಲಿನ ಚಿತ್ರವನ್ನು ತಲೆ ಓರೆ ಮಾಡಿ ನೋಡಿದಳು, ಇನ್ನೊಂದು ಕಡೆಗೆ ಓರೆ ಮಾಡಿ ನೋಡಿದಳು. "ಇದು ಬಿಗಿಯಾಗಿ ಹೊಸೆದ ನೂಲಿನ ಟವೆಲ್ ಇದ್ದ ಹಾಗಿದೆ. ನೀರು ಕುಡಿಯಲ್ಲ."

ನೂಲಮ್ಮ ಮುಂದುವರಿಸಿದಳು. "ನಮ್ಮಲ್ಲಿ ಮೆತ್ತನೆ ಟವೆಲ್ ಅಂತ ಒಂದು ಜಾತಿ ಮಾಡ್ತಿದ್ವಿ. ಹೊಸೆಯದ ಹತ್ತಿ ನೂಲನ್ನ ಮಗ್ಗಕ್ಕೆ ಹಾಕಿದ್ರೆ ಪಟಪಟ ಕಡೀತಿತ್ತು. ಅದಕ್ಕೆ ಜೊತೆಗೆ ಇನ್ನೊಂದು ನೂಲು ಸೇರಿಸ್ತಿದ್ವಿ, ಬಿಸಿನೀರಲ್ಲಿ ಕರಗೋ ನೂಲು. ಎರಡನ್ನೂ ಸೇರಿಸಿ ನೇಯ್ದು, ಟವೆಲನ್ನ ಬಿಸಿನೀರಿಗೆ ಹಾಕಿದ್ರೆ ಆ ನೂಲು ಸಕ್ಕರೆ ಹಾಗೆ ಮಾಯ. ಅದಿದ್ದ ಜಾಗ ಎಲ್ಲ ಖಾಲಿ. ಉಳಿದ ಹತ್ತಿ ಉಬ್ಬಿ ಹೂವಾಗ್ತಿತ್ತು. ಇಲ್ಲೂ ನೀರಲ್ಲಿ ಕರಗೋ ಎಳೆ ಯಾವುದಾದ್ರೂ ಸಿಗಲ್ವಾ?"

ಮೇಡಂ ನಿಧಾನವಾಗಿ ಎದ್ದು ನಿಂತರು. ಕನ್ನಡಕ ಕನ್ನಡಕವನ್ನೇ ತೆಗೆದುಬಿಟ್ಟಳು.

"ಸಿಗುತ್ತೆ" ಎಂದರು ಮೇಡಂ. "ಸಿಗುತ್ತೆ ಅಲ್ಲ, ಇಲ್ಲೇ ಇದೆ! ಆ ಮೂಲೆ ಡಬ್ಬಿಯಲ್ಲೇ ಇದೆ!"

ಅರ್ಧ ಗಂಟೆಯಲ್ಲಿ ಕನ್ನಡಕ ಹಳೆಯ ಸಂಶೋಧನಾ ಪತ್ರಿಕೆಗಳನ್ನೆಲ್ಲ ಜಾಲಾಡಿದಳು. ಎಲ್ಲೋ ದೂರದವರು ವರ್ಷಗಳ ಹಿಂದೆಯೇ ಇಂಥದ್ದೊಂದು ಮಾಡಿ ನೋಡಿದ್ದರು ಎಂದು ಗೊತ್ತಾಯಿತು. ಆಕೆ ಅಳುಕುತ್ತಲೇ ಅದನ್ನು ನೂಲಮ್ಮನಿಗೆ ಹೇಳಿದಳು. ಬೇಜಾರಾದೀತೇನೋ ಎಂದು. ನೂಲಮ್ಮ ಚಪ್ಪಾಳೆ ತಟ್ಟಿಬಿಟ್ಟಳು. "ಹಾಗಾದ್ರೆ ಆಗೋ ಕೆಲಸ ಅಂತಾಯ್ತಲ್ಲೇ! ಯಾರು ಮೊದಲು ಮಾಡಿದ್ರೇನು, ನಮ್ಮ ಹಾಳೆಗೆ ಆಗ್ಬೇಕು ಅಷ್ಟೇ. ಏಳು, ಏಳು."

ಮೇಡಂ ಪಶುವೈದ್ಯರಿಗೆ ಫೋನು ಮಾಡಿ ದಿನ ಮುಂದಕ್ಕೆ ಹಾಕಿಸಿದರು. ಉರುಳೆಯ ಒಂದು ಪಕ್ಕಕ್ಕೆ ಮೊದಲಿನ ಸಿರಿಂಜು, ಇನ್ನೊಂದು ಪಕ್ಕಕ್ಕೆ ಕರಗುವ ಎಳೆಯದು. ಎರಡೂ ಒಂದೇ ಬಗೆಯ ವಿದ್ಯುತ್ತು ಹೊತ್ತದ್ದರಿಂದ ಹತ್ತಿರವಿದ್ದರೆ ಜಗಳವಾಡಿದ ವಾರಗಿತ್ತಿಯರ ಹಾಗೆ ಒಂದನ್ನೊಂದು ದೂಡುತ್ತಿದ್ದವು. ಎದುರುಬದುರು ಕೂರಿಸಿದ ಮೇಲೆ ತಣ್ಣಗಾದವು. ಮೊದಲ ಹಾಳೆ ನೀರಿಗೆ ಹಾಕಿದೊಡನೆ ಒದ್ದೆ ಕಾಗದದಂತೆ ಚಿಂದಿಯಾಯಿತು. ಕರಗುವುದೇ ಹೆಚ್ಚಾಗಿತ್ತು. ಎರಡನೆಯದರಲ್ಲಿ ಕಡಿಮೆಯಾಗಿ ಏನೂ ಬದಲಾಗಲಿಲ್ಲ. ಆರನೆಯದು ಹದಕ್ಕೆ ಬಂತು. ಆದರೆ ತೊಳೆದಾಗ ಮುದುಡಿ, ಸುಟ್ಟ ಹಪ್ಪಳದಂತೆ ಸುರುಳಿಯಾಯಿತು.

"ಒದ್ದೆ ಬಟ್ಟೆಯನ್ನ ಚೌಕಟ್ಟಿಗೆ ಬಿಗಿದು ಹಿಡೀಬೇಕು. ಗಿರಣಿಯಲ್ಲಿ ಎರಡು ಅಂಚನ್ನೂ ಕೊಕ್ಕೆಗೆ ಸಿಕ್ಕಿಸದೆ ಒಂದು ಮೊಳವನ್ನೂ ಒಣಗಿಸ್ತಿರಲಿಲ್ಲ" ಎಂದಳು ನೂಲಮ್ಮ. ಒಂದರೊಳಗೊಂದು ಕೂರುವ ಎರಡು ಪ್ಲಾಸ್ಟಿಕ್ ಬಳೆಗಳನ್ನು ಮಾಡಿಸಿ, ಕಸೂತಿ ಹಾಕುವವರು ಬಟ್ಟೆ ಬಿಗಿಯುವ ಹಾಗೆ ಹಾಳೆಯನ್ನು ಅವುಗಳ ನಡುವೆ ಬಿಗಿದು, ನೀರಿಗೆ ಇಳಿಸಿದಳು. ಎಣಿಸುತ್ತಾ ನಿಂತಳು. ಮೇಲೆತ್ತಿದರೆ ಹಾಳೆ ಡೋಲಿನ ಚರ್ಮದ ಹಾಗೆ ನೆಟ್ಟಗಿತ್ತು. ಎಳೆಗಳು ಒಂದೇ ದಿಕ್ಕಿಗೆ, ನಡುನಡುವೆ ಬೇಕಾದಷ್ಟು ಸಂದು.

ಜೀವಕೋಶ ಬಿತ್ತಿದರು. ಮತ್ತೆ ಮೂರು ವಾರ. ನೂಲಮ್ಮ ದಿನಕ್ಕೆ ಮೂರು ಸಲ ಬೆಚ್ಚನೆಯ ಪೆಟ್ಟಿಗೆಯ ಗಾಜಿನಿಂದ ಇಣುಕಿ ನೋಡುತ್ತಿದ್ದಳು. ಕಾಣುವುದು ಗುಲಾಬಿ ಬಣ್ಣದ ನೀರು ಮಾತ್ರ. ಆದರೂ ಇಣುಕುವುದು ಬಿಡಲಿಲ್ಲ. ಬಾಗಿಲು ಮಾತ್ರ ತೆಗೆಯುತ್ತಿರಲಿಲ್ಲ, ತೆಗೆದರೆ ಕನ್ನಡಕ ಗದರುತ್ತಿದ್ದಳು.

ಕತ್ತರಿಸಿ ನೋಡುವ ದಿನ ಬಂತು. ಬೆಳಿಗ್ಗೆ ಹನ್ನೊಂದು ಗಂಟೆ. ಕನ್ನಡಕ ತೆಳು ತುಂಡನ್ನು ಗಾಜಿನ ಮೇಲಿಟ್ಟು, ಸೂಕ್ಷ್ಮದರ್ಶಕದ ಕೆಳಗೆ ತಳ್ಳಿ, ಪರದೆ ಹಚ್ಚಿದಳು. ಮೊದಲು ಎಲ್ಲ ಮಬ್ಬು. ತಿರುಪು ತಿರುಗಿಸಿದಳು. ಮೇಲ್ಪದರದಲ್ಲಿ ನೀಲಿ ಚುಕ್ಕಿಗಳು. ಕೆಳಗೆ ಸರಿಸಿದಳು. ನೀಲಿ ಚುಕ್ಕಿ. ಇನ್ನೂ ಕೆಳಗೆ. ನೀಲಿ ಚುಕ್ಕಿ, ನೀಲಿ ಚುಕ್ಕಿ! ಹಾಳೆಯ ಹೊಟ್ಟೆಯೊಳಗೆಲ್ಲ, ಎಳೆಗಳ ಸಂದಿಸಂದಿಯಲ್ಲಿ, ನೀಳವಾಗಿ ಮಲಗಿದ ನೀಲಿ ಚುಕ್ಕಿಗಳು.

ಕನ್ನಡಕ ಕೂಗಿದ ಕೂಗಿಗೆ ಎದುರಿನ ಕೋಣೆಯಲ್ಲಿದ್ದವರು ಬೆಂಕಿ ಬಿತ್ತೆಂದು ಹೊರಗೆ ಓಡಿಬಂದರು. ಮೇಡಂ ತಮ್ಮ ಕೋಣೆಯಿಂದ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಬಂದರು. ಪರದೆ ನೋಡಿದರು, ನೂಲಮ್ಮನ ಎರಡೂ ಕೈ ಹಿಡಿದು ಗಿರಗಿರ ತಿರುಗಿಸಿದರು. ಬೆಳ್ಳಿಕೂದಲಿನ ಆ ದೊಡ್ಡ ವಿಜ್ಞಾನಿ, ಪ್ರಯೋಗಾಲಯದ ನಡುವೆ!

ನೂಲಮ್ಮ ಉಸಿರು ತಂದುಕೊಂಡು ಗಂಡನಿಗೆ ಫೋನು ಹಚ್ಚಿದಳು. "ಒಳಗೆ ಹೋಗಿದಾವೆ ಕಣ್ರೀ!"

"ಯಾರು? ಎಲ್ಲಿಗೆ?" ಆತ ಗಾಬರಿಯಾದ. "ಪೋಲೀಸ್ ಬಂದಿದ್ರಾ?"

"ಅಯ್ಯೋ, ಜೀವಕೋಶ ರೀ! ಹಾಳೆ ಒಳಗೆ!"

"ಅಲ್ಲೇ, ಅಷ್ಟು ಕೂಗ್ತೀಯಾ, ನಾನಿನ್ನೇನು ಬಣ್ಣದ ಡಬ್ಬಿ ಮೇಲೆ ಬೀಳ್ತಿದ್ದೆ" ಎಂದ. ಅಷ್ಟು ಹೇಳುವಾಗ ಆತನ ದನಿಯೂ ಹಿಗ್ಗಿತ್ತು.

ಆಮೇಲಿನದು ಪಶುವೈದ್ಯರ ಪಾಲು. ಮಾತು ಕಡಿಮೆ, ಕೈ ಮೃದು, ಪ್ರಾಣಿಗಳ ವಿಷಯದಲ್ಲಿ ಕಡ್ಡಿ ಮುರಿದ ಹಾಗೆ ಮಾತಾಡುವ ಮನುಷ್ಯ. ಕುರಿಗಳ ಕಾಲು ಕುಯ್ಯುವಾಗ ನೋವಾಗುತ್ತಾ ಎಂದು ನೂಲಮ್ಮ ನೇರವಾಗಿಯೇ ಕೇಳಿದ್ದಳು. "ನೋವಾಗದ ಹಾಗೆ ಮಾಡೋದು ನನ್ನ ಕೆಲಸ. ಆಗೋದಾದ್ರೆ ನಾನೇ ನಿಲ್ಲಿಸ್ತೀನಿ" ಎಂದಿದ್ದರು ಅವರು. ಮೊದಲ ದಿನ ಹಾಳೆಯ ತುಂಡಿಗೆ ಹೊಲಿಗೆ ಹಾಕಿ ಎಳೆದು ಪರೀಕ್ಷಿಸಿದಾಗ ದಾರ ಅಂಚನ್ನು ಸೀಳಿಕೊಂಡು ಹೊರಬಂತು. ನೂಲಮ್ಮ ಇನ್ನೊಂದು ತುಂಡು ತೆಗೆದು, ಅಂಚನ್ನು ಎರಡು ಮಡಿಕೆ ಮಡಿಸಿ, "ಇಲ್ಲಿ ಹಾಕಿ" ಎಂದು ಕೊಟ್ಟಳು. ದಾರ ನಿಂತಿತು. ಪಶುವೈದ್ಯರು ಕನ್ನಡಕದ ಕಡೆ ತಿರುಗಿ, "ಇವರು ಯಾವ ಕಾಲೇಜು?" ಎಂದು ಕೇಳಿದರು.

"ಟವೆಲ್ ಕಾಲೇಜು" ಎಂದಳು ನೂಲಮ್ಮ.

ಆರು ಕುರಿಗಳಿಗೆ ಹಿಂಗಾಲಿನ ಹಿಮ್ಮಡಿಯ ಮೇಲೆ ಹಾಳೆ ಇಟ್ಟರು. ಎಲ್ಲವೂ ಸುಸೂತ್ರವಾಯಿತು ಎಂದರೆ ಸುಳ್ಳಾಗುತ್ತದೆ. ಒಂದರಲ್ಲಿ ಗಾಯ ಕೀವಾಗಿ ಹಾಳೆ ತೆಗೆಯಬೇಕಾಯಿತು. ಇನ್ನೊಂದು ಕುಂಟುತ್ತಲೇ ಉಳಿಯಿತು. ಆ ಎರಡೂ ಸುದ್ದಿ ಬಂದ ದಿನ ನೂಲಮ್ಮ ಮುಖ ಸಣ್ಣ ಮಾಡಿಕೊಂಡು, ತಾನು ತೆಗೆದ ಹಾಳೆಗಳ ದಾಖಲೆಯನ್ನು ಮತ್ತೆ ಮತ್ತೆ ತಿರುವಿ, ತೇವದ ಮುಳ್ಳು ಎಲ್ಲಿತ್ತು, ಉರುಳೆಯ ವೇಗ ಎಷ್ಟಿತ್ತು ಎಂದು ನೋಡಿದ್ದಳು. ಉಳಿದ ನಾಲ್ಕು ಕುರಿಗಳು ದಿನದಿಂದ ದಿನಕ್ಕೆ ಚೇತರಿಸಿಕೊಂಡವು.

ಹನ್ನೆರಡನೇ ವಾರ ನಡಿಗೆಯ ಪರೀಕ್ಷೆ. ಕುರಿದೊಡ್ಡಿಯ ಓಣಿಯ ನೆಲದಲ್ಲಿ ಒಂದು ಲೋಹದ ಹಲಗೆ ಹುದುಗಿಸಿದ್ದರು. ಕುರಿ ಅದರ ಮೇಲೆ ಹೆಜ್ಜೆ ಇಟ್ಟರೆ ಯಾವ ಕಾಲಿಗೆ ಎಷ್ಟು ಭಾರ ಹಾಕಿತು ಎಂದು ಪರದೆಯಲ್ಲಿ ಬರುತ್ತದೆ. ಮೇಡಂ, ಕನ್ನಡಕ, ನೂಲಮ್ಮ ಮೂವರೂ ಕಟಕಟೆಗೆ ಒರಗಿ ನಿಂತಿದ್ದರು. ಮೊದಲ ಕುರಿಯನ್ನು ಪಶುವೈದ್ಯರು ಹಗ್ಗ ಹಿಡಿದು ತಂದರು. ಒಂದು ಹೆಜ್ಜೆ, ಎರಡು ಹೆಜ್ಜೆ, ಹಲಗೆಯ ಮೇಲೆ ಆ ಕಾಲು.

"ಒಳ್ಳೇ ಕಾಲಿಗೆ ಹತ್ತು ಪಾಲು ಅಂದ್ರೆ ಇದಕ್ಕೆ ಒಂಬತ್ತು" ಎಂದು ಕನ್ನಡಕ ಓದಿದಳು. "ಒಂಬತ್ತಕ್ಕೂ ಒಂಚೂರು ಮೇಲೆ."

"ಇನ್ನೊಂದ್ಸಲ ನಡೆಸಿ" ಎಂದರು ಮೇಡಂ.

ಕುರಿಗೆ ಇನ್ನೊಂದು ಸಲ ನಡೆಯುವ ಮನಸ್ಸಿರಲಿಲ್ಲ. ತಲೆ ಒದರಿ ಹಗ್ಗ ಕಿತ್ತುಕೊಂಡಿತು, ಪಶುವೈದ್ಯರ ಕಾಲಸಂದಿಯಲ್ಲಿ ನುಗ್ಗಿತು, ನೀರಿನ ಬಕೆಟ್ಟು ಉರುಳಿಸಿ, ತೆರೆದಿದ್ದ ಬಾಗಿಲಿನಿಂದ ಹುಲ್ಲುಮೈದಾನಕ್ಕೆ ಒಂದೇ ನೆಗೆತ!

"ಹಿಡೀರಿ! ಹಿಡೀರಿ!" ಎಂದು ಪಶುವೈದ್ಯರು ಬೂಟುಗಾಲಲ್ಲಿ ಹಿಂದೆ ಓಡಿದರು.

"ಓಡ್ಲಿ ಬಿಡಿ ಡಾಕ್ಟ್ರೇ!" ನೂಲಮ್ಮ ಕಟಕಟೆಯ ಮೇಲೆ ಹತ್ತಿ ನಿಂತು, ಎರಡೂ ಕೈ ಬಾಯಿಗೆ ಹಿಡಿದು ಕೂಗಿದಳು. "ಆ ಕಾಲು ನೋಡಿ, ಆ ಕಾಲು ಹೇಗೆ ಊರ್ತಾ ಇದೆ ನೋಡಿ!"